ಪುಲಾವ್ ಉಬಿನ್‌ಗೆ ಹೊರಟಿದ್ದೀರಾ? ಮೊದಲು ಕೈಚೀಲ ನೋಡಿಕೊಳ್ಳಿ

ಊರಿಂದ ಬಂದಿದ್ದ ಅಮ್ಮನನ್ನು ಪುಲಾವ್ ಉಬಿನ್‌ಗೆ ಕರೆದುಕೊಂಡು ಹೋಗಿದ್ದೆ. ಸಿಂಗಾಪುರದ ಈಶಾನ್ಯಕ್ಕಿರುವ ಪುಟ್ಟ ದ್ವೀಪ ಅದು. ಅಮ್ಮ, ಹೆಂಡತಿ ಬಾಡಿಗೆ ವ್ಯಾನಿನಲ್ಲಿ, ನಾನು ಸೈಕಲ್ಲಿನಲ್ಲಿ. ದ್ವೀಪದ ಪೂರ್ವ ತುದಿಯ ಜೌಗು ಪ್ರದೇಶ ಚೆಕ್ ಜಾವಾ, ಅದರ ಬಾಗಿಲ ಹೊರಗೆ ಸೈಕಲ್ ನಿಲ್ಲಿಸಿ ಬೀಗ ಹಾಕುತ್ತಿದ್ದೆ. ಪೊದೆಯಿಂದ ಒಂದು ಹೆಣ್ಣು ಕಾಡುಹಂದಿ ಹೊರಬಂತು. ಹಿಂದೆ ಮೈಮೇಲೆ ಪಟ್ಟೆಪಟ್ಟೆ ಇರುವ ಐದು ಮರಿ.

ಅಮ್ಮ ಮಲೆನಾಡಿನವರು. ಗದ್ದೆಗೆ ಹಂದಿ ಬರದಿರಲಿ ಅಂತ ಬೇಲಿಗೆ ಹಳೆ ಸೀರೆ ಕಟ್ಟಿ, ರಾತ್ರಿ ಡಬ್ಬ ಬಡಿದು ಬದುಕು ಕಳೆದವರು. ಯೋಚಿಸುವ ಮೊದಲೇ ಬಗ್ಗಿ ಕಲ್ಲು ಎತ್ತಿಕೊಂಡರು. ನಮ್ಮೂರಲ್ಲಿ ಬಗ್ಗಿದರೆ ಸಾಕು, ನಾಯಿಯೂ ಓಡುತ್ತದೆ, ಹಂದಿಯೂ ಓಡುತ್ತದೆ. ಈ ಹಂದಿ ಓಡಲಿಲ್ಲ. ಅಮ್ಮನ ಮುಷ್ಟಿ ನೋಡಿತು, ಮೂಗು ಅರಳಿಸಿತು, ಎರಡು ಹೆಜ್ಜೆ ಮುಂದೆ ಬಂತು.

“ಎಂತದ ಮಾರಾಯ ಇದು, ಹೆದರೂದೇ ಇಲ್ಲ!” ಅಂದರು ಅಮ್ಮ.

“ಅಮ್ಮಾ, ಕಲ್ಲು ಕೆಳಗೆ ಹಾಕು, ನಿಧಾನ ಹಿಂದೆ ಬಾ” ಅಂತ ನಾನು ಹೇಳುತ್ತಿದ್ದ ಹಾಗೇ ಬೆನ್ನ ಹಿಂದೆ ಪರಪರ ಸದ್ದು. ಇನ್ನೊಂದು ಹಂದಿ ನನ್ನ ಸೈಕಲ್ ಬುಟ್ಟಿಗೆ ಮೂತಿ ಹಾಕಿ ಪ್ಲಾಸ್ಟಿಕ್ ಚೀಲ ಎಳೆದುಕೊಂಡಿತ್ತು. ಅಮ್ಮ ಶಿವಮೊಗ್ಗದಿಂದ ಹೊತ್ತು ತಂದಿದ್ದ ಕೋಡುಬಳೆ ಎರಡೇ ನಿಮಿಷದಲ್ಲಿ ಖಾಲಿ.

ಮುಷ್ಟಿ ಎತ್ತಿದ ಕೈ ಎಂದರೆ ಊರಿನ ಹಂದಿಗೆ ಕಲ್ಲು, ಉಬಿನ್ ಹಂದಿಗೆ ತಿಂಡಿ. ಮಲೆನಾಡು, ಕೊಡಗಿನ ಕಡೆಯಿಂದ ಬಂದ ನಮಗೆ ಕಾಡುಪ್ರಾಣಿ ಗೊತ್ತು ಅನ್ನುವ ಧೈರ್ಯ ಇರುತ್ತದಲ್ಲ, ಇಲ್ಲಿ ಕೈಕೊಡುವುದೇ ಅದು. ಸಿಂಗಾಪುರಕ್ಕೆ ಕೆಲಸಕ್ಕೆ ಬಂದವರೂ ಮಕ್ಕಳನ್ನು ನೋಡಲು ಬರುವ ಅಪ್ಪ-ಅಮ್ಮಂದಿರೂ ವಾರಾಂತ್ಯಕ್ಕೆ ಉಬಿನ್‌ಗೆ ಹೋಗುವುದು ಹೆಚ್ಚಾಗಿದೆ. ಅವರಿಗಾಗಿ, ಮನೆಯಿಂದ ಹೊರಡುವಲ್ಲಿಂದ ವಾಪಸ್ ದೋಣಿ ಹತ್ತುವ ತನಕದ ಕ್ರಮದಲ್ಲೇ ಬರೆಯುತ್ತಿದ್ದೇನೆ.

ಹಂದಿ ಇಲ್ಲಿಗೆ ಬಂದದ್ದು ಹೇಗೆ

ಉಬಿನ್ ಹೆಚ್ಚೆಂದರೆ 10 ಚದರ ಕಿಲೋಮೀಟರ್ ಚಿಲ್ಲರೆ. ಹಿಂದೆ ಗ್ರಾನೈಟ್ ಕ್ವಾರಿಗಳೂ ರಬ್ಬರ್ ತೋಟಗಳೂ ಇದ್ದವು. ಕ್ವಾರಿಗಳು ಈಗ ಕೆರೆಗಳಾಗಿವೆ, ತೋಟಗಳು ಕಾಡಾಗಿವೆ. ಉತ್ತರಕ್ಕೆ ಜೋಹೋರ್ ಜಲಸಂಧಿ, ಅದರಾಚೆ ಮಲೇಷ್ಯಾ. ಹಂದಿ ಒಳ್ಳೆಯ ಈಜುಗಾರ. ಜೋಹೋರ್‌ನಿಂದ ಈಜಿಕೊಂಡೇ ಈ ದಡ ಸೇರುತ್ತದೆ. ಹಂದಿಯ ಮಾತು ಬಿಡಿ, 1990ರಲ್ಲಿ ಪಕ್ಕದ ಪುಲಾವ್ ತೆಕೊಂಗ್‌ಗೆ ಆನೆಗಳೇ ಈಜಿ ಬಂದಿದ್ದವು. ಹಂದಿಯನ್ನು ಹಿಡಿಯುವ ದೊಡ್ಡ ಪ್ರಾಣಿ ಈಗಿಲ್ಲ. ಸಿಂಗಾಪುರದ ಕೊನೆಯ ಕಾಡುಹುಲಿಯನ್ನು 1930ರಲ್ಲೇ ಹೊಡೆದಾಯಿತು. ಬೇಟೆಯ ಭಯವೂ ಇಲ್ಲ. ಮೇಲಿಂದ ದಶಕಗಳ ಕಾಲ ಪ್ರವಾಸಿಗರು ಬ್ರೆಡ್ಡು, ಬಿಸ್ಕತ್ತು ಎಸೆದು ಮುದ್ದು ಮಾಡಿದ್ದಾರೆ. ಹಗಲು ಹೊತ್ತಲ್ಲೇ ರಸ್ತೆ ಬದಿಗೆ ಬಂದು ನಿಲ್ಲುವ ಧೈರ್ಯ ಅದಕ್ಕೆ ಬಂದದ್ದು ಹೀಗೆ.

ಮನೆಯಲ್ಲೇ ಆಗಬೇಕಾದ ಕೆಲಸ

ಅರ್ಧ ತೊಂದರೆ ಅಡುಗೆಮನೆಯಲ್ಲೇ ತಪ್ಪುತ್ತದೆ. ಚಿತ್ರಾನ್ನ, ಪುಳಿಯೋಗರೆ ಕಟ್ಟಿಕೊಳ್ಳಿ, ಬೇಡ ಅನ್ನುವುದಿಲ್ಲ. ಆದರೆ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ಹಾಕಿ, ಡಬ್ಬಿಯನ್ನು ಜಿಪ್ ಇರುವ ಬೆನ್ನುಚೀಲದ ತಳದಲ್ಲಿಡಿ. ಅಂಗಡಿಯ ತೆಳ್ಳನೆ ಪ್ಲಾಸ್ಟಿಕ್ ಚೀಲ ಮನೆಯಲ್ಲೇ ಬಿಟ್ಟುಬಿಡಿ. ಉಬಿನ್‌ನ ಹಂದಿಗೂ ಮಂಗಕ್ಕೂ ಆ ಪರಪರ ಸದ್ದು ನಮ್ಮ ದೇವಸ್ಥಾನದಲ್ಲಿ ಊಟದ ಗಂಟೆ ಇದ್ದ ಹಾಗೆ. ಚೀಲದಲ್ಲಿ ಒದ್ದೆ ಬಟ್ಟೆ ಇದ್ದರೂ ಅವುಗಳ ಲೆಕ್ಕದಲ್ಲಿ ಅದು ತಿಂಡಿಯೇ. ಬಾಳೆಹಣ್ಣನ್ನು ಕೈಯಲ್ಲಿ ಹಿಡಿದು ನಡೆಯಬೇಡಿ.

ಉದ್ದ ಪ್ಯಾಂಟು, ಬೆರಳು ಮುಚ್ಚುವ ಶೂ, ಸೊಳ್ಳೆ ಮುಲಾಮು ಬೇಕೇ ಬೇಕು. ಡೆಂಗಿ ಸಿಂಗಾಪುರದಲ್ಲೂ ಇದೆ. ಹಂದಿಗಿಂತ ಸೊಳ್ಳೆಯಿಂದ ಮಲಗಿದವರೇ ಹೆಚ್ಚು. ಒಂದು ದೊಡ್ಡ ಕೊಡೆ ಇಟ್ಟುಕೊಳ್ಳಿ. ಮಳೆಗೆ ಹೇಗೂ ಬೇಕು, ಬೇರೆ ಉಪಯೋಗ ಮುಂದೆ ಹೇಳುತ್ತೇನೆ. ಕುಡಿಯುವ ನೀರು ತಲೆಗೆ ಒಂದೂವರೆ ಲೀಟರಾದರೂ ಇರಲಿ. ಗಾಯ ಒತ್ತಿ ಕಟ್ಟಲು ಒಂದು ಅಗಲದ ಬ್ಯಾಂಡೇಜ್, ಸಣ್ಣ ಸೋಪು.

ಫೋನಿನಲ್ಲಿ ಎರಡು ನಂಬರ್ ಸೇವ್ ಮಾಡಿಕೊಳ್ಳಿ. ಪ್ರಾಣಿಗಳ ವಿಷಯಕ್ಕೆ ಎನ್‌ಪಾರ್ಕ್ಸ್ (ಸಿಂಗಾಪುರದ ಉದ್ಯಾನ, ವನ್ಯಜೀವಿ ನೋಡಿಕೊಳ್ಳುವ ಸರ್ಕಾರಿ ಮಂಡಳಿ) ಸಹಾಯವಾಣಿ 1800-476-1600. ಆಂಬುಲೆನ್ಸಿಗೆ 995. ಇನ್ನೊಂದು ಕಿರಿಕಿರಿ ಇದೆ: ದ್ವೀಪದ ಉತ್ತರದ ಕಡೆ ಹೋದರೆ ಫೋನು ಮಲೇಷ್ಯಾದ ಸಿಗ್ನಲ್ ಹಿಡಿದುಬಿಡುತ್ತದೆ, ‘ಮಲೇಷ್ಯಾಕ್ಕೆ ಸ್ವಾಗತ’ ಎಂಬ ಮೆಸೇಜೂ ಬರುತ್ತದೆ. ಹೊರಡುವ ಮುಂಚೆಯೇ ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕ್ ಆಯ್ಕೆಯನ್ನು ಆಟೊಮ್ಯಾಟಿಕ್‌ನಿಂದ ತೆಗೆದು ನಿಮ್ಮ ಸಿಂಗಾಪುರದ ಕಂಪನಿಯನ್ನೇ ಆರಿಸಿಡಿ. ರೋಮಿಂಗ್ ಬಿಲ್ಲೂ ಉಳಿಯುತ್ತದೆ.

ದೋಣಿ ಇಳಿದ ಮೇಲೆ

ಚಾಂಗಿ ವಿಲೇಜ್ ಪಕ್ಕದ ಚಾಂಗಿ ಪಾಯಿಂಟ್ ಜೆಟ್ಟಿಯಿಂದ ದೋಣಿ. ಬಂಬೋಟ್ ಅನ್ನುತ್ತಾರೆ. 12 ಜನ ತುಂಬಿದಾಗ ಹೊರಡುತ್ತದೆ, ಹತ್ತು-ಹದಿನೈದು ನಿಮಿಷದ ದಾರಿ. ಚಿಲ್ಲರೆ ನಗದು ಇಟ್ಟುಕೊಳ್ಳಿ. ಇಳಿದ ಕೂಡಲೇ ಸೈಕಲ್ ಬಾಡಿಗೆ ಅಂಗಡಿಗಳ ಸಾಲು. ಅಲ್ಲಿ ಎಲ್ಲರೂ ಸೀಟಿನ ಎತ್ತರ ನೋಡುತ್ತಾರೆ. ನೀವು ಮೊದಲು ಬ್ರೇಕ್ ನೋಡಿ. ಇಳಿಜಾರಿನ ತಿರುವಿನಲ್ಲಿ ಹಂದಿ ಅಡ್ಡ ಬಂದರೆ ನಿಮ್ಮನ್ನು ಉಳಿಸುವುದು ಬ್ರೇಕೇ. ಸೈಕಲ್ ಬುಟ್ಟಿಯಲ್ಲಿ ತಿನ್ನುವ ಪದಾರ್ಥ ಇಡಬೇಡಿ, ಬೆನ್ನಮೇಲೇ ಇರಲಿ.

ಊಟವನ್ನು ಜೆಟ್ಟಿ ಹತ್ತಿರದ ಹಳ್ಳಿಯಲ್ಲೇ ಮುಗಿಸಿಬಿಡುವುದು ನನ್ನ ಈಗಿನ ಪದ್ಧತಿ. ಚೆಕ್ ಜಾವಾದಲ್ಲಿ ಕೂತು ಬುತ್ತಿ ಬಿಚ್ಚುವ ಆಸೆ ನನಗೂ ಇತ್ತು. ಕೋಡುಬಳೆ ಹೋದ ದಿನ ಆ ಆಸೆಯೂ ಹೋಯಿತು.

ಚೆಕ್ ಜಾವಾ ಒಳಗೆ ಸೈಕಲ್ ಬಿಡುವುದಿಲ್ಲ, ಹೊರಗೆ ನಿಲ್ಲಿಸಿ ನಡೆಯಬೇಕು. ಹಂದಿಗಳು ಸುಳಿದಾಡುವುದೂ ಅಲ್ಲೇ. ಎಷ್ಟೋ ಜನ ಚೀಲವನ್ನು ಬುಟ್ಟಿಯಲ್ಲೇ ಬಿಟ್ಟು ಒಳಗೆ ಹೋಗುತ್ತಾರೆ ಅನ್ನುವುದು ಅವಕ್ಕೆ ಬಾಯಿಪಾಠ. ನೀರಿನ ಬಾಟಲಿ ಸಹ ಬಿಡಬೇಡಿ.

ಡುರಿಯನ್ ಕಾಲದಲ್ಲಿ, ಅಂದರೆ ಹೆಚ್ಚುಕಮ್ಮಿ ಜೂನ್‌ನಿಂದ ಆಗಸ್ಟ್, ಮರದಡಿ ನಿಲ್ಲಬೇಡಿ. ತಲೆಮೇಲೆ ಮುಳ್ಳಿನ ಹಣ್ಣು ಬೀಳುವುದು ಒಂದು ಅಪಾಯ. ಬಿದ್ದ ಹಣ್ಣಿಗೆ ಹಂದಿ ಬರುವುದು ಇನ್ನೊಂದು. ನಮ್ಮಲ್ಲಿ ಹಲಸಿನ ಮರದಡಿ ಆಗುವ ಕಥೆಯೇ.

ಹಂದಿ ಎದುರಾದರೆ

ಹಂದಿಗಿಂತ ಮೊದಲು ಅದರ ಗುರುತು ಸಿಗುತ್ತದೆ. ರಸ್ತೆ ಬದಿಯ ಹುಲ್ಲು ನೇಗಿಲು ಹೂಡಿದ ಹಾಗೆ ಬುಡಮೇಲಾಗಿರುತ್ತದೆ. ಮಣ್ಣು ಇನ್ನೂ ಒದ್ದೆಯಿದ್ದು ಕಪ್ಪಗಿದ್ದರೆ ಈಗಷ್ಟೇ ಉತ್ತು ಹೋಗಿದೆ. ಕೆಸರು ಹೊಂಡ, ಪಕ್ಕದ ಮರದ ಬುಡಕ್ಕೆ ಮೊಣಕಾಲೆತ್ತರ ಮೆತ್ತಿದ ಕೆಸರು, ಹುಳಿವಾಸನೆ ಇದ್ದರೆ ಅದು ಹೊರಳುವ ಜಾಗ. ಮಧ್ಯಾಹ್ನದ ಬಿಸಿಲಲ್ಲಿ ಅಲ್ಲೇ ಮಲಗಿರುವ ಸಾಧ್ಯತೆ ಇದೆ. ಪೊದೆಯೊಳಕ್ಕೆ ಇಣುಕಿ ನೋಡುವ ಕುತೂಹಲ ಬೇಡ. ಬೆಳಗ್ಗೆ, ಸಂಜೆ ಓಡಾಟ ಜಾಸ್ತಿ.

ಕಂಡಾಗ ಮೊದಲು ನಿಲ್ಲಿ. ಸೈಕಲ್ಲಿನಲ್ಲಿದ್ದರೆ ಇಳಿಯಿರಿ, ಸೈಕಲ್ಲನ್ನು ನಿಮಗೂ ಹಂದಿಗೂ ನಡುವೆ ಅಡ್ಡ ಹಿಡಿಯಿರಿ. ಮಕ್ಕಳನ್ನು ಹಿಂದಕ್ಕೆ ಎಳೆದುಕೊಳ್ಳಿ. ಕೂಗಿ ಎಳೆಯಬೇಡಿ, ಭುಜ ಹಿಡಿದು ಎಳೆಯಿರಿ. ಕೈಯಲ್ಲಿ ಏನೇ ಇದ್ದರೂ ಮೇಲೆತ್ತಬೇಡಿ. ಅಮ್ಮನ ಕಲ್ಲು ನೆನಪಿಡಿ.

ಆಮೇಲೆ ಮರಿ ಇದೆಯಾ ನೋಡಿ. ಹಂದಿಮರಿಯ ಮೈಮೇಲೆ ಕಂದು-ಹಳದಿ ಉದ್ದಗೆರೆ ಇರುತ್ತದೆ. ಅಳಿಲು ಬೆನ್ನಿನ ದೊಡ್ಡ ರೂಪ ಅಂದುಕೊಳ್ಳಿ. ನೋಡಲು ಬಹಳ ಚೆಂದ, ಫೋನು ತಾನಾಗಿ ಜೇಬಿಂದ ಹೊರಬರುತ್ತದೆ. ಮರಿ ನಿಮ್ಮ ಎಡಕ್ಕೆ, ತಾಯಿ ಬಲಕ್ಕೆ ಆಯಿತೋ, ಅದಕ್ಕಿಂತ ಕೆಟ್ಟ ಜಾಗ ಇಲ್ಲ. ನಡುವೆ ಸಿಕ್ಕಿಹಾಕಿಕೊಂಡಿದ್ದರೆ ತಾಯಿಗೆ ಮರಿ ಕಡೆ ಹೋಗುವ ದಾರಿ ತೆರೆಯುವ ಹಾಗೆ ಪಕ್ಕಕ್ಕೆ ಸರಿಯಿರಿ. ಫ್ಲಾಶ್ ಹಾಕಿ ಫೋಟೊ ತೆಗೆಯಬೇಡಿ, ಸೆಲ್ಫಿಗಾಗಿ ಬೆನ್ನು ತಿರುಗಿಸಬೇಡಿ.

ಮರಿ ಇಲ್ಲದೆ ಹಂದಿ ತನ್ನ ಪಾಡಿಗೆ ನೆಲ ಕೆದಕುತ್ತಿದ್ದರೆ ಹತ್ತಿಪ್ಪತ್ತು ಮೀಟರ್ ದೂರದಿಂದ ನೋಡಿಕೊಂಡು ನಿಲ್ಲಬಹುದು. ನಾನು ಹಾಗೆ ಅರ್ಧ ಗಂಟೆ ನಿಂತದ್ದಿದೆ. ಇಲ್ಲಿನ ಹಂದಿಯ ಮೂತಿಯಿಂದ ಕೆನ್ನೆಯ ಕಡೆಗೆ ಒಂದು ಮಾಸಲು ಬಿಳಿ ಪಟ್ಟಿ ಇರುತ್ತದೆ, ನಮ್ಮ ಕಡೆಯ ಹಂದಿಗೆ ಅದು ಕಂಡ ನೆನಪಿಲ್ಲ. ಒದ್ದೆ ನೆಲದಲ್ಲಿ ಮೂಗಿನ ತುದಿಯ ಬಿಲ್ಲೆ ಒಂದೇ ಸಮ ಅಲುಗುತ್ತದೆ. ಗೆಡ್ಡೆ ಸಿಕ್ಕಾಗ ಬಾಲ ಪಟಕ್ಕನೆ ಒಮ್ಮೆ ಬೀಸುತ್ತದೆ.

ಹಂದಿ ತಲೆ ಎತ್ತಿ ನಿಮ್ಮತ್ತ ನೇರ ತಿರುಗಿ ಕತ್ತಿನ ಕೂದಲು ನಿಮಿರಿಸಿದರೆ, ಹಲ್ಲು ಕಟಕಟ ಅನ್ನಿಸಿದರೆ, ಗುಟುರು ಹಾಕಿ ಕಾಲಿಂದ ನೆಲ ಕೆರೆದರೆ ಅದು ಎಚ್ಚರಿಕೆ. ಮುಖ ಅದರ ಕಡೆಗೇ ಇಟ್ಟುಕೊಂಡು ಹಿಂದೆ ಹಿಂದೆ ಹೆಜ್ಜೆ ಇಡಿ. ಓಡಬೇಡಿ, ಓಡಿ ಹಂದಿಯನ್ನು ಗೆದ್ದವರಿಲ್ಲ. ಅದಕ್ಕೆ ಓಡಿಹೋಗುವ ದಾರಿ ಬಿಟ್ಟಿದ್ದೀರಾ ನೋಡಿಕೊಳ್ಳಿ. ಗೋಡೆ, ಬೇಲಿ, ಜನರ ಗುಂಪು ಸೇರಿ ಮೂಲೆಗೆ ಒತ್ತಿದರೆ ಅದಕ್ಕೆ ಉಳಿಯುವ ದಾರಿ ನಿಮ್ಮ ಮೂಲಕವೇ.

ನುಗ್ಗಿಯೇ ಬಿಟ್ಟರೆ? ಮರದ ಕಾಂಡ, ಬೆಂಚು, ಸೈಕಲ್, ಯಾವುದಾದರೂ ನಡುವೆ ಇರಲಿ. ಎತ್ತರದ ಕಟ್ಟೆಯೋ ಮೇಜೋ ಇದ್ದರೆ ಹತ್ತಿ ನಿಲ್ಲಿ. ಏನೂ ಇಲ್ಲದಿದ್ದರೆ ಕೊಡೆ ಬಿಚ್ಚಿ ಮುಂದೆ ಹಿಡಿಯಿರಿ. ಗುರಾಣಿಯೇನಲ್ಲ, ಆದರೂ ಕಾಲಿನ ಬದಲು ಅದಕ್ಕೆ ಗುದ್ದಿದರೆ ನಿಮಗೆ ಒಂದು ಗಳಿಗೆ ಸಿಕ್ಕಿತು. ಬೆನ್ನುಚೀಲ ಕಿತ್ತು ದೂರ ಎಸೆಯುವುದೂ ಒಂದು ಉಪಾಯ, ಹಲವು ಸಲ ಅದಕ್ಕೆ ಬೇಕಿರುವುದು ನೀವಲ್ಲ, ಚೀಲ. ಏನೇ ಆದರೂ ಕೆಳಗೆ ಬೀಳದಂತೆ ನೋಡಿಕೊಳ್ಳಿ. ಹಂದಿ ತನ್ನ ಕೆಳದವಡೆಯ ಕೋರೆಯಿಂದ ಕೆಳಗಿಂದ ಮೇಲಕ್ಕೆ ಸೀಳುತ್ತದೆ. ನಿಂತವರಿಗೆ ಪೆಟ್ಟು ತೊಡೆ, ಮೀನಖಂಡಕ್ಕೆ ಬೀಳುತ್ತದೆ. ಬಿದ್ದವರ ಲೆಕ್ಕ ಬೇರೆ.

ಹೆದರಿಸಲು ಇಷ್ಟೆಲ್ಲ ಬರೆದೆ ಅಂದುಕೊಳ್ಳಬೇಡಿ. ಉಬಿನ್‌ನಲ್ಲಿ ಬಹುತೇಕ ಎಲ್ಲರೂ ಹಂದಿ ನೋಡಿ, ಫೋಟೊ ತೆಗೆದು, ನಗುತ್ತಾ ವಾಪಸ್ ಬರುತ್ತಾರೆ. ಆದರೆ 2021ರ ಫೆಬ್ರವರಿಯಲ್ಲಿ ಮುಖ್ಯ ದ್ವೀಪದ ಪುಂಗೋಲ್‌ನಲ್ಲಿ, ವಸತಿ ಕಟ್ಟಡಗಳ ನಡುವೆಯೇ, ಹಂದಿ ನುಗ್ಗಿ ಜನರಿಗೆ ಗಾಯವಾಗಿತ್ತು.

ತಿಂಡಿ ಹಾಕುವ ಪುಣ್ಯ ಇಲ್ಲಿ ಬೇಡ. 2020ರ ಜೂನ್‌ನಿಂದ ಕಾಡುಪ್ರಾಣಿಗೆ ತಿನ್ನಿಸುವುದು ಕಾನೂನಿನ ಪ್ರಕಾರ ಅಪರಾಧ. ಮೊದಲ ಸಲಕ್ಕೆ 5,000 ಸಿಂಗಾಪುರ ಡಾಲರ್‌ವರೆಗೆ ದಂಡ, ಮತ್ತೆ ಮಾಡಿದರೆ 10,000ದವರೆಗೆ. ಪಾರಿವಾಳಕ್ಕೆ ಅಕ್ಕಿ ಎರಚುವುದೂ ಇದರಲ್ಲೇ ಬಂತು.

ಮಂಗ

ಶನಿವಾರ ಮಂಗಕ್ಕೆ ಬಾಳೆಹಣ್ಣು ಕೊಡುವ ಮನೆಯಿಂದ ಬಂದವನು ನಾನು. ಇಲ್ಲಿರುವುದು ಉದ್ದ ಬಾಲದ ಮಕಾಕ್, ನಮ್ಮ ಕಡೆಯ ಕೋತಿಯ ದಾಯಾದಿ. ಹಲ್ಲು ಕಿಸಿದರೆ ನಗುವಲ್ಲ. ದಿಟ್ಟಿಸಿ ನೋಡಿದರೆ ಜಗಳಕ್ಕೆ ಕರೆದ ಹಾಗೆ, ಹಾಗಾಗಿ ಕಣ್ಣಿಗೆ ಕಣ್ಣು ಕೊಡಬೇಡಿ. ಮಕ್ಕಳಿಗೆ ಇದನ್ನು ಮುಂಚೆಯೇ ಹೇಳಿಕೊಡಿ, ಅವರ ಎತ್ತರಕ್ಕೂ ಮಂಗದ ಎತ್ತರಕ್ಕೂ ಅಂತರ ಕಮ್ಮಿ. ಹತ್ತಿರ ಬಂದರೆ ಕೊಡೆ ಬಿಚ್ಚಿ ಅಡ್ಡ ಹಿಡಿದು ಸರಿದು ಹೋಗಿ. ಚೀಲ ಹಿಡಿದುಕೊಂಡು ಎಳೆದಾಡಿದರೆ ಬಿಟ್ಟುಬಿಡಿ. ಪಾಸ್‌ಪೋರ್ಟ್, ಫೋನು ಆ ಚೀಲದಲ್ಲಿ ಇಡದಿದ್ದರೆ ಆಯಿತು.

ಹಾವಿನ ವಿಷಯದಲ್ಲಿ ಒಂದು ಮುಖ್ಯ ವ್ಯತ್ಯಾಸ

ನಮ್ಮ ನಾಗರಹಾವು ಉಗುಳುವುದಿಲ್ಲ. ಸಿಂಗಾಪುರದ ನಾಗರ ಉಗುಳುತ್ತದೆ. ಮೈ ಪೂರ್ತಿ ಕಪ್ಪು, ಹೆಡೆಯ ಮೇಲೆ ನಮ್ಮ ನಾಗರಕ್ಕಿರುವ ಕನ್ನಡಕದ ಗುರುತು ಇಲ್ಲ. ಹಾಗಾಗಿ ಎಷ್ಟೋ ಜನ ಕೇರೆ ಅಂದುಕೊಂಡು ಹತ್ತಿರ ಹೋಗುತ್ತಾರೆ. ವಿಷ ಎಸೆಯುವುದು ಕಣ್ಣಿಗೆ ಗುರಿಯಿಟ್ಟು. ಕಣ್ಣಿಗೆ ಬಿದ್ದರೆ ಉಜ್ಜಬೇಡಿ. ಹದಿನೈದು-ಇಪ್ಪತ್ತು ನಿಮಿಷ ಶುದ್ಧ ನೀರು ಸುರಿಯುತ್ತಲೇ ಇರಿ, ನಂತರ ಆಸ್ಪತ್ರೆ. ಹೆಚ್ಚು ನೀರು ಹೊತ್ತುಕೊಳ್ಳಿ ಅಂದದ್ದು ಬಾಯಾರಿಕೆಗೆ ಮಾತ್ರ ಅಲ್ಲ.

ಕಾಂಡ್ಲಾ ಕಾಡಿನ ಬೇರುಗಳ ಮೇಲೆ, ಕೊಂಬೆಗಳ ಮೇಲೆ ಮಂಡಲದ ಜಾತಿಯ ಹಾವು ಸುರುಳಿ ಸುತ್ತಿ ಹಗಲೆಲ್ಲ ಮಲಗಿರುತ್ತದೆ. ಹಲಗೆ ಸೇತುವೆಯ ಪಕ್ಕದ ಕಂಬಿ ಹಿಡಿಯುವ ಮುಂಚೆ ಕಣ್ಣಾಡಿಸಿ. ಹೆಬ್ಬಾವು ಕಂಡರೆ ನಿಮ್ಮ ಅದೃಷ್ಟ, ದೂರದಿಂದ ನೋಡಿ.

ಹಾವು ಕಚ್ಚಿದರೆ ಬಿಗಿದು ಕಟ್ಟುವುದು, ಕೊಯ್ಯುವುದು, ಹೀರುವುದು ಯಾವುದೂ ಬೇಡ. ಕಚ್ಚಿದ ಕೈಕಾಲು ಅಲುಗಾಡಿಸದೆ ಕೂರಿಸಿ, ಉಂಗುರ-ಗಡಿಯಾರ ಬಿಚ್ಚಿ, 995ಕ್ಕೆ ಫೋನ್ ಮಾಡಿ. ದ್ವೀಪದಲ್ಲಿ ಆಸ್ಪತ್ರೆ ಇಲ್ಲ, ನೀರು ದಾಟಿಯೇ ಹೋಗಬೇಕು, ಆದ್ದರಿಂದ ‘ನೋಡೋಣ’ ಅಂತ ಕಾಯಬೇಡಿ.

ಉಳಿದವು

ಉಡ ಇಲ್ಲಿ ಎರಡು ಮೀಟರಿನದೂ ಸಿಗುತ್ತದೆ. ಅಡ್ಡ ಬಂದರೆ ದಾಟಲು ಬಿಡಿ. ಬೀದಿನಾಯಿಗಳ ಗುಂಪು ಸೈಕಲ್ ಅಟ್ಟಿಸಿಕೊಂಡು ಬಂದರೆ ಪೆಡಲ್ ಜೋರು ಮಾಡಬೇಡಿ, ಇಳಿದು ಸೈಕಲ್ ಅಡ್ಡ ಹಿಡಿದು ನಡೆಯಿರಿ. ಜಲಸಂಧಿಯಲ್ಲಿ ಉಪ್ಪುನೀರಿನ ಮೊಸಳೆ ಇದೆ, ಈಜಬೇಡಿ. ನೀರುನಾಯಿಗೂ ಮರಿ ಇದ್ದಾಗ ಹಂದಿಯ ಮಾತೇ ಅನ್ವಯ. ಕಣಜದ ಗೂಡು ಕಂಡರೆ ಬಂದ ದಾರಿಯಲ್ಲೇ ವಾಪಸ್. ಇಲ್ಲಿ ಮಾತ್ರ, ಅವು ಎದ್ದರೆ, ನಿಜವಾಗಿಯೂ ಓಡಬೇಕು.

ಕೋಳಿ ಕಂಡರೆ ಯಾರ ಮನೆಯದೋ ಅನ್ನಬೇಡಿ. ಕಿವಿಯ ಬಳಿ ಬಿಳಿ ಮಚ್ಚೆ, ಬೂದು ಕಾಲು ಇದ್ದರೆ ಅದು ಕೆಂಪು ಕಾಡುಕೋಳಿ, ನಮ್ಮ ಹಟ್ಟಿಯ ಕೋಳಿಗಳ ಮೂಲ ಪುರುಷ. ತಲೆ ಎತ್ತಿ ನೋಡಿದರೆ ಮಂಗಟ್ಟೆಯೂ ಸಿಗಬಹುದು. ದಾಂಡೇಲಿಯಲ್ಲಿ ನೋಡಿದವರಿಗೆ ನೆಂಟನನ್ನು ಕಂಡ ಹಾಗಾಗುತ್ತದೆ. ಸಿಂಗಾಪುರದಿಂದ ಪೂರ್ತಿ ಮಾಯವಾಗಿದ್ದ ಈ ಹಕ್ಕಿಯ ಜೋಡಿ 1994ರಲ್ಲಿ ಮತ್ತೆ ಕಾಣಿಸಿಕೊಂಡದ್ದು ಉಬಿನ್‌ನಲ್ಲೇ.

ಗಾಯವಾದರೆ

ಹಂದಿ ಸೀಳಿದ ಗಾಯ ಹೊರಗೆ ಸಣ್ಣದು ಕಂಡರೂ ಒಳಗೆ ಆಳ ಇರುತ್ತದೆ. ರಕ್ತ ಜೋರಾಗಿದ್ದರೆ ತೊಳೆಯುತ್ತಾ ಕೂರಬೇಡಿ, ಬಟ್ಟೆಯಿಟ್ಟು ಒತ್ತಿ ಹಿಡಿದು 995 ಕರೆಯಿರಿ. ಸಣ್ಣ ಕಚ್ಚು, ಪರಚುಗಾಯವಾದರೆ ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಅದೇ ದಿನ ಡಾಕ್ಟರ ಹತ್ತಿರ ಹೋಗಿ. ಟೆಟನಸ್ ಇಂಜೆಕ್ಷನ್ ಕೊನೆಯ ಸಲ ಯಾವಾಗ ಆಯಿತು ಅಂತ ಕೇಳುತ್ತಾರೆ. ಮಂಗ ಕಚ್ಚಿದ್ದರೆ ‘ಮಂಗ’ ಅಂತಲೇ ಹೇಳಿ. ಮಕಾಕ್‌ಗಳಲ್ಲಿ ಒಂದು ಬಗೆಯ ಹರ್ಪಿಸ್ ವೈರಸ್ ಇರುತ್ತದೆ, ಮನುಷ್ಯರಿಗೆ ತಗಲುವುದು ಬಹಳ ಅಪರೂಪ, ತಗಲಿದರೆ ಮಾತ್ರ ಗಂಭೀರ. ಡಾಕ್ಟರಿಗೆ ಗೊತ್ತಿದ್ದರೆ ಮುಂಜಾಗ್ರತೆ ತೆಗೆದುಕೊಳ್ಳುತ್ತಾರೆ.

ನಮ್ಮವರ ಮೊದಲ ಪ್ರಶ್ನೆ ರೇಬೀಸ್. ಸಿಂಗಾಪುರ 1953ರಿಂದ ರೇಬೀಸ್ ಮುಕ್ತ. ಆದರೂ ನಿರ್ಧಾರ ಡಾಕ್ಟರಿಗೇ ಬಿಡಿ. ಈ ಸಮಾಧಾನವನ್ನು ವಿಮಾನ ಹತ್ತಿಸಿಕೊಂಡು ಊರಿಗೆ ಒಯ್ಯಬೇಡಿ, ಅಲ್ಲಿ ನಾಯಿಯೋ ಮಂಗವೋ ಕಚ್ಚಿದರೆ ತಡಮಾಡದೆ ಲಸಿಕೆ ಶುರುವಾಗಬೇಕು.

ಸತ್ತ ಹಂದಿ ಬಿದ್ದಿದ್ದರೆ ಮುಟ್ಟಬೇಡಿ, ಎನ್‌ಪಾರ್ಕ್ಸ್‌ಗೆ ಫೋನ್ ಮಾಡಿ ಜಾಗ ಹೇಳಿ. 2023ರ ಫೆಬ್ರವರಿಯಲ್ಲಿ ಸಿಂಗಾಪುರದ ಕಾಡುಹಂದಿಯಲ್ಲಿ ಆಫ್ರಿಕನ್ ಹಂದಿಜ್ವರ ಸಿಕ್ಕಿತ್ತು. ಮನುಷ್ಯರಿಗೆ ಅದು ಅಂಟುವುದಿಲ್ಲ, ಆದರೆ ನಿಮ್ಮ ಶೂ ಅದನ್ನು ಬೇರೆ ಹಂದಿಗೆ ಮುಟ್ಟಿಸಬಲ್ಲದು. ಕಾಡು ಸುತ್ತಿದ ಶೂವನ್ನು ಕೆಸರು ತೊಳೆದೇ ಊರಿನ ಸೂಟ್‌ಕೇಸಿಗೆ ಹಾಕಿ.

ವಾಪಸ್

ಚೆಕ್ ಜಾವಾ ಸಂಜೆ 6ಕ್ಕೆ ಮುಚ್ಚುತ್ತದೆ. ಅಷ್ಟರವರೆಗೆ ಇರಬೇಡಿ. ಹಂದಿ ಮತ್ತೆ ರಸ್ತೆಗೆ ಇಳಿಯುವ ಹೊತ್ತೂ ಅದೇ, ದಾರಿದೀಪ ಇಲ್ಲದ ದಾರಿಯಲ್ಲಿ ಬಾಡಿಗೆ ಸೈಕಲ್ಲಿಗೆ ಲೈಟೂ ಇರುವುದಿಲ್ಲ. ನಾಲ್ಕೂವರೆಗೆ ಸೈಕಲ್ ತಿರುಗಿಸಿದರೆ ಜೆಟ್ಟಿಯಲ್ಲಿ ಎಳನೀರು ಕುಡಿಯಲೂ ಸಮಯ ಸಿಗುತ್ತದೆ. ತಡವಾದರೆ ದೋಣಿಗೆ 12 ಜನ ಸೇರುವುದು ಕಷ್ಟ. ನಾವು ಅವತ್ತು ಏಳೇ ಜನ ಇದ್ದೆವು, ಉಳಿದ ಐದು ಸೀಟಿನ ದುಡ್ಡನ್ನು ಏಳು ಜನ ಹಂಚಿಕೊಂಡು ಕೊಟ್ಟೆವು. ಅಮ್ಮ ಮಾತ್ರ ದೋಣಿಯಲ್ಲಿ ಕೂತು ಕೋಡುಬಳೆ ಲೆಕ್ಕವನ್ನೂ ಅದಕ್ಕೇ ಕೂಡಿಸುತ್ತಿದ್ದರು.